ಗಡಿನಾಡಿನ ಮಕ್ಕಳೂ ಇಂಗ್ಲಿಷ್ ಪಾಠವೂ

ಜಹೀರಾಬಾದ್, ನಾರಾಯಣಖೇಡಗಳು 1956ರವರೆಗೆ ಬೀದರ ಜಿಲ್ಲೆಗೂ ತಾಂಡೂರು ಗುಲ್ಬರ್ಗಾ ಜಿಲ್ಲೆಗೂ ಸೇರಿದ್ದವು. ಇಲ್ಲಿಯ ಕನ್ನಡ ವಿದ್ಯಾರ್ಥಿಗೆ ಹಲವು ಭಾಷೆಗಳ ಒಡನಾಟವು ಹೊಸತಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು. ಅಂಥವನು ಇಂಗ್ಲಿಷಿನೆದುರು ತಡವರಿಸುವುದೇಕೆ?

ಮುಖ್ಯ ಕಾರಣವು ವಾಕ್ಯದ ಕಟ್ಟಿನಲ್ಲಿದೆ. ‘ಮನೆಯಲ್ಲಿ’, ‘ಇಂಟ್ಲೋ’, ‘ಘರ್ ಮೇಂ’ ಈ ಮೂರರಲ್ಲಿಯೂ ಮನೆಯು ಮೊದಲು, ವಿಭಕ್ತಿಯ ಅರ್ಥವು ಅನಂತರ. ‘ಇನ್ ದಿ ಹೌಸ್’ ಎಂಬಲ್ಲಿ ಆ ಅರ್ಥವು ಮುಂದಕ್ಕೆ ಬಂದಿತು. ನಡುವೆ ನಮ್ಮಲ್ಲಿಲ್ಲದ ‘ದಿ’ ಒಂದು ಸೇರಿತು. ಕ್ರಿಯಾಪದವೂ ಹಾಗೆಯೇ. ನಮ್ಮ ಮೂರು ಭಾಷೆಗಳಲ್ಲಿಯೂ ಅದು ವಾಕ್ಯದ ಕೊನೆಗೆ ಬರುವುದು ವಾಡಿಕೆ. ಇಂಗ್ಲಿಷಿನಲ್ಲಿ ‘ರಾಮನು ತಿಂದನು ಹಣ್ಣನ್ನು’ ಎಂಬ ಕ್ರಮ. ಉಪಾಧ್ಯಾಯರು ಕರಿಹಲಗೆಯ ಮೇಲೆ ಎರಡು ಭಾಷೆಗಳ ವಾಕ್ಯಗಳನ್ನು ಮೇಲುಕೆಳಗಾಗಿ ಬರೆದು, ಈ ಭೇದವನ್ನು ಕನ್ನಡದಲ್ಲಿಯೇ ವಿವರಿಸಬೇಕು. ಇಂಗ್ಲಿಷ್ ತರಗತಿಯಲ್ಲಿ ಕನ್ನಡವನ್ನು ಆಡಲೇಬಾರದೆಂಬ ಕಟ್ಟಳೆಯು ಮಕ್ಕಳನ್ನು ಕಂಠಪಾಠಕ್ಕೆ ತಳ್ಳುತ್ತದೆ.

ಅಕ್ಷರದ ತೊಡಕು ಬೇರೆ. ಬರೆದಂತೆ ಓದುವ ರೂಢಿಯ ಹುಡುಗನು ‘ನೈಫ್’ ಎಂಬ ಪದದ ಮೊದಲಲ್ಲಿ ಉಚ್ಚರಿಸದ ‘ಕೆ’ ಅಕ್ಷರವೇಕೆಂದು ಕೇಳಿದರೆ ಅವನು ದಡ್ಡನಲ್ಲ!

ಉನ್ನತ ಶಿಕ್ಷಣಕ್ಕೂ ಹೈದರಾಬಾದಿನ ಉದ್ಯೋಗಕ್ಕೂ ಇಂಗ್ಲಿಷ್ ಬೇಕೆಂಬ ತಂದೆತಾಯಿಗಳ ಆಸೆಯು ನ್ಯಾಯವಾದುದೇ. ಅದಕ್ಕಾಗಿ ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸುವವರಿದ್ದಾರೆ. ಒಂದು ಭಾಷೆಯನ್ನು ಕಲಿಯುವುದು ಬೇರೆ, ಎಲ್ಲ ವಿಷಯಗಳನ್ನೂ ಆ ಭಾಷೆಯಲ್ಲಿಯೇ ಕಲಿಯುವುದು ಬೇರೆ. ಇದೇ ಹೈದರಾಬಾದಿನಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಆರಂಭದ ದಶಕಗಳಲ್ಲಿ ಉರ್ದುವಿನಲ್ಲಿ ಬೋಧಿಸುತ್ತ, ಇಂಗ್ಲಿಷನ್ನು ಕಡ್ಡಾಯದ ಒಂದು ವಿಷಯವಾಗಿ ಕಲಿಸಿತು.