ಮಗ್ಗುಲು ಬದಲಿಸದ ರಾತ್ರಿ

‘ಸಿಸ್ಟರ್ ಇಂಜೆಕ್ಷನ್ ಕೊಟ್ಟು ಹೋದವರು ಮತ್ತೆ ಇತ್ತ ತಲೆ ಹಾಕಲಿಲ್ಲ.’ ಸರ್ಕಾರಿ ಆಸ್ಪತ್ರೆಯಲ್ಲಿ ನಿಮ್ಮವರ ಪಕ್ಕ ಕುಳಿತು ನೀವೂ ಹೀಗೆ ನೊಂದಿರಬಹುದು. ಆ ನೋವು ನ್ಯಾಯವಾದದ್ದೇ. ಅದರ ಕಾರಣವನ್ನು ನಿಧಾನವಾಗಿ ನೋಡೋಣ, ಬನ್ನಿ.

ರೋಗಿಗೆ ಬೇಕೇಬೇಕಾದ ಆರೈಕೆ ತಡವಾಗುವುದು ಇಲ್ಲವೇ ನಡೆಯದೇ ಹೋಗುವುದು, ಇದನ್ನು ‘ಬಿಟ್ಟುಹೋದ ಶುಶ್ರೂಷೆ’ ಎನ್ನೋಣ. ಅಮೆರಿಕದ ಬಿಯಾಟ್ರಿಸ್ ಕ್ಯಾಲಿಶ್ ಅವರು ದಾದಿಯರನ್ನೇ ಮಾತನಾಡಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮತ್ತೆ ಮತ್ತೆ ಬಿಟ್ಟುಹೋಗುವ ಕೆಲಸಗಳು ಕಂಡವು: ರೋಗಿಯನ್ನು ನಡೆದಾಡಿಸುವುದು, ಊಟ ಮಾಡಿಸುವುದು, ಧೈರ್ಯ ಹೇಳುವುದು, ಮಗ್ಗುಲು ಬದಲಿಸುವುದು.

ಈ ಕೊನೆಯದನ್ನೇ ಹತ್ತಿರದಿಂದ ನೋಡಿ. ಪಾರ್ಶ್ವವಾಯುವಿನಿಂದ ಮಲಗಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಇಲ್ಲವಾದರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದು. ಬೆನ್ನಿನ ಕೆಳಗೆ ಕೆಂಪಾದ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಬಿಳಿಚಿಕೊಳ್ಳದಿದ್ದರೆ, ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದೇ ಕಷ್ಟ. ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ತಿಳಿಯಬೇಕು. ಮುಟ್ಟಲು ಹೊತ್ತು ಬೇಕು.

ಹೊತ್ತು ಎಲ್ಲಿದೆ? ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬ ದಾದಿ ಇರಬೇಕು. ರಾತ್ರಿ ಪಾಳಿಯಲ್ಲಿ 30 ಹಾಸಿಗೆಗೆ ಒಬ್ಬರೇ ಇದ್ದಾರೆ ಎಂದಿಟ್ಟುಕೊಳ್ಳಿ. ಹತ್ತು ಮಂದಿಯನ್ನು ಹೊರಳಿಸಬೇಕು, ತಲಾ ಐದು ನಿಮಿಷ. ಪ್ರತಿ ಎರಡು ಗಂಟೆಯಲ್ಲಿ ಐವತ್ತು ನಿಮಿಷ ಅದಕ್ಕೇ ಹೋಯಿತು. ಭಾರದ ರೋಗಿಯಾದರೆ ಜೊತೆಗೆ ಇನ್ನೊಂದು ಕೈ ಬೇಕು. ಆಯಾ ಬೇರೆ ವಾರ್ಡಿನಲ್ಲಿರುತ್ತಾರೆ. ಅಷ್ಟರಲ್ಲಿ ಡ್ರಿಪ್ ಮುಗಿಯುತ್ತದೆ, ಹೊಸ ರೋಗಿ ಬರುತ್ತಾರೆ, ಔಷಧಿಯ ಬೇಡಿಕೆ ಪಟ್ಟಿ ಬರೆಯಬೇಕು.

ಏನನ್ನಾದರೂ ಬಿಡಲೇಬೇಕು. ಇಂಜೆಕ್ಷನ್ ತಪ್ಪಿದರೆ ಕೇಸ್ ಶೀಟಿನಲ್ಲಿ ಸಹಿಯ ಜಾಗ ಖಾಲಿ ಉಳಿದು, ಬೆಳಗಿನ ರೌಂಡ್ಸ್‌ನಲ್ಲಿ ಪ್ರಶ್ನೆ ಬರುತ್ತದೆ. ಮಗ್ಗುಲು ತಪ್ಪಿದರೆ ಯಾರೂ ಕೇಳುವುದಿಲ್ಲ. ಹುಣ್ಣು ಕಾಣಿಸುವ ಹೊತ್ತಿಗೆ ಪಾಳಿಯೇ ಬದಲಾಗಿರುತ್ತದೆ. ಹೀಗೆ ಕೇಳುವವರಿಲ್ಲದ ಕೆಲಸ ಮೊದಲು ಬಿಟ್ಟುಹೋಗುತ್ತದೆ. ದಿನವೂ ಬಿಟ್ಟರೆ ಅದೇ ರೂಢಿಯಾಗುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇದೇ.

ಆದ್ದರಿಂದ ನನ್ನ ನರ್ಸಿಂಗ್ ವಿದ್ಯಾರ್ಥಿಗಳಿಗೆ ಹೇಳುತ್ತೇನೆ: ಪಾಳಿ ಒಪ್ಪಿಸುವಾಗ ಮಾಡಿದ್ದರ ಜೊತೆಗೆ ಮಾಡಲಾಗದ್ದನ್ನೂ ಹೇಳಿ. ಒಂದು ಬೆಳಿಗ್ಗೆ ಒಬ್ಬಳು ತಲೆ ತಗ್ಗಿಸಿ ಹೇಳಿದಳು: “ಏಳನೇ ಬೆಡ್ಡಿನ ಅಜ್ಜೀನ ರಾತ್ರಿ ಎರಡು ಗಂಟೆಯಿಂದ ತಿರುಗಿಸೋಕಾಗಿಲ್ಲ, ಮೇಡಂ.” ಪಾಳಿಗೆ ಬಂದ ಸಿಸ್ಟರ್ ಚೀಲವನ್ನೂ ಇಡದೆ ನೇರ ಏಳನೇ ಬೆಡ್ಡಿಗೆ ನಡೆದರು.