ಪ್ರೆಸ್ಸಿನ ಅಚ್ಚಿಗೆ ಮುಂಗಡ ಪರೀಕ್ಷೆ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಬಾಲಾನಗರ, ಜೀಡಿಮೆಟ್ಲಗಳ ಕಾರಖಾನೆಗಳಲ್ಲಿ ಪ್ರೆಸ್ಸಿನ ಮುಂದೆ ನಿಂತು ದುಡಿಯುವವರು ಕೆಲವರುಂಟು. ನನ್ನಂತೆ ಕುಳಿತು ಲೆಕ್ಕ ಬರೆಯುವವರೂ ಉಂಟು. ಹೊಸ ಅಚ್ಚು ಬಂದಾಗ ರದ್ದಿ ತಗಡಿನ ರಾಶಿ ಏಕೆ ಬೆಳೆಯುತ್ತದೆಂಬುದು ಇಬ್ಬರಿಗೂ ಸಂಬಂಧಪಟ್ಟ ಪ್ರಶ್ನೆ. ಅಚ್ಚನ್ನು ಉಕ್ಕಿನಲ್ಲಿ ಕಡೆಯುವ ಮೊದಲೇ ಅದರ ತಪ್ಪನ್ನು ಕಾಣುವ ಬಗೆಯೇ ಈ ಪಾಠದ ವಿಷಯ.

ದಿನವೂ ಕೈಯಲ್ಲಿ ಹಿಡಿಯುವ ಸ್ಟೀಲ್ ಲೋಟವನ್ನೇ ತೆಗೆದುಕೊಳ್ಳೋಣ. ದುಂಡು ತಗಡನ್ನು ಕುಳಿಯುಳ್ಳ ಡೈಯ ಮೇಲಿಟ್ಟು, ಅಂಚನ್ನು ಒಂದು ಬಳೆಯಿಂದ ಒತ್ತಿ ಹಿಡಿದು, ನಡುವೆ ಪಂಚನ್ನು ಇಳಿಸಿದರೆ ತಗಡು ಒಳಕ್ಕೆ ಜಾರಿ ಲೋಟದ ರೂಪ ತಾಳುತ್ತದೆ. ಬಳೆ ಸಡಿಲವಾದರೆ ಅಂಚು ಸೀರೆಯ ನೆರಿಗೆಯಂತೆ ಸುಕ್ಕುಗಟ್ಟುತ್ತದೆ. ಅತಿ ಬಿಗಿಯಾದರೆ ತಗಡು ಜಾರದೆ, ತಳದ ತಿರುವಿನ ಹತ್ತಿರ ತೆಳುವಾಗಿ ಹರಿಯುತ್ತದೆ.

ಇದರಲ್ಲಿ ಸ್ವಲ್ಪ ಭಾಗವನ್ನು ಕಾಗದ ಪೆನ್ಸಿಲಿನಿಂದಲೇ ತಿಳಿಯಬಹುದು. ನೇರ ಬದಿಯ ಲೋಟದ ವ್ಯಾಸ 60 ಮಿ.ಮೀ., ಎತ್ತರ 80 ಮಿ.ಮೀ. ಇರಲಿ. ವ್ಯಾಸದ ವರ್ಗ 3,600. ವ್ಯಾಸ, ಎತ್ತರಗಳನ್ನು ಗುಣಿಸಿ ನಾಲ್ಕರಿಂದ ಹೆಚ್ಚಿಸಿದರೆ 19,200. ಕೂಡಿದರೆ 22,800, ಇದರ ವರ್ಗಮೂಲ ಸುಮಾರು 151. ಅಂದರೆ 151 ಮಿ.ಮೀ. ಅಗಲದ ದುಂಡು ತಗಡು ಬೇಕು. ಇದು ಲೋಟದ ವ್ಯಾಸದ ಎರಡೂವರೆ ಪಾಲು. ಒಂದೇ ಎಳೆತಕ್ಕೆ ಸಾಮಾನ್ಯವಾಗಿ ಎರಡು ಪಾಲಿನವರೆಗೆ ಮಾತ್ರ ತಗಡು ತಾಳುತ್ತದೆ. ಆದುದರಿಂದ ಮೊದಲು 90, ಅನಂತರ 70, ಕೊನೆಗೆ 60, ಹೀಗೆ ಮೂರು ಎಳೆತಗಳಲ್ಲಿ ಇಳಿಸುವುದು ಕ್ಷೇಮ. ಗುಮಾಸ್ತನ ಗಣಿತ ಇಷ್ಟು ದೂರ ಬರುತ್ತದೆ!

ಆದರೆ ಮೋಟಾರಿನ ಬಾಗಿಲಿನಂಥ ವಕ್ರ ತಗಡಿಗೆ ಈ ಸೂತ್ರ ಸಾಲದು. ಅಲ್ಲಿ ಕಂಪ್ಯೂಟರು ಬೇಕು. ಅದರಲ್ಲಿ ತಗಡನ್ನು ಸಾವಿರಾರು ಸಣ್ಣ ಚೌಕಗಳನ್ನಾಗಿ ವಿಭಾಗಿಸಿ, ಪಂಚು ಕೂದಲೆಳೆಯಷ್ಟು ಇಳಿದಾಗಲೆಲ್ಲ ಪ್ರತಿ ಚೌಕ ಎಷ್ಟು ಹಿಗ್ಗಿತು, ಎಷ್ಟು ತೆಳುವಾಯಿತು ಎಂದು ಲೆಕ್ಕ ಹಾಕುತ್ತಾರೆ. ಹರಿಯುವ ಜಾಗ ತೆರೆಯ ಮೇಲೆ ಬೇರೆ ಬಣ್ಣದಲ್ಲಿ ಕಾಣುತ್ತದೆ. ತಿರುವನ್ನು ದುಂಡಗೆ ಮಾಡಿ ಮತ್ತೆ ಪರೀಕ್ಷಿಸಬಹುದು. ಉಕ್ಕು ಒಂದು ತೊಲವೂ ಹಾಳಾಗದು.

ಕಂಪ್ಯೂಟರು ಹೇಳಿದ್ದೆಲ್ಲ ವೇದವಾಕ್ಯವೇನೂ ಅಲ್ಲ. ತಗಡಿನ ಬಲ, ಎಣ್ಣೆಯ ಜಾರಿಕೆ ಇವುಗಳನ್ನು ತಪ್ಪಾಗಿ ತುಂಬಿದರೆ, ಮೊದಲ ನಮೂದೇ ತಪ್ಪಿದ ಖಾತೆಯಂತೆ ಕೊನೆಯವರೆಗೂ ತಪ್ಪೇ. ಒತ್ತಡ ಬಿಟ್ಟ ಮೇಲೆ ಬಗ್ಗಿಸಿದ ತಗಡು ಸ್ವಲ್ಪ ಹಿಂದಕ್ಕೆ ಸಿಡಿಯುತ್ತದೆ. ಅದನ್ನು ಕರಾರುವಾಕ್ಕಾಗಿ ಹೇಳುವುದು ಈಗಲೂ ಕಷ್ಟ. ಇನ್ನು ಹರಿಯುವ ಅಪಾಯವನ್ನು ತಿಳಿಯಲು ನಿಜವಾದ ತಗಡಿನ ಮೇಲೆ ಸಣ್ಣ ವೃತ್ತಗಳನ್ನು ಮುದ್ರಿಸಿ ಒತ್ತಿ ನೋಡುವುದುಂಟು. ವೃತ್ತ ಮೊಟ್ಟೆಯಾಕಾರಕ್ಕೆ ಎಷ್ಟು ಎಳೆದುಕೊಂಡಿತೆಂಬುದರಿಂದ ಅಪಾಯ ತಿಳಿಯುತ್ತದೆ. 1960ರ ದಶಕದಲ್ಲಿ ಅಮೆರಿಕದ ಸ್ಟುವರ್ಟ್ ಕೀಲರ್ ಈ ಮಾರ್ಗವನ್ನು ಬೆಳೆಸಿದರು.

ತಗಡಿನ ಉಳಿತಾಯಕ್ಕಿಂತ ದೊಡ್ಡ ಮಾತೊಂದಿದೆ. ಅಚ್ಚು ಕೂಡದಿದ್ದಾಗ ಟ್ರಯಲ್ ಮೇಲೆ ಟ್ರಯಲ್ ನಡೆಯುತ್ತದೆ. ಪ್ರತಿ ಸಲವೂ ಸಿಕ್ಕಿಕೊಂಡ ತುಣುಕನ್ನು ತೆಗೆಯಲು ಯಾರದೋ ಕೈ ಒಳಗೆ ಹೋಗುತ್ತದೆ. ಟ್ರಯಲ್ ಹತ್ತರಿಂದ ಎರಡಕ್ಕೆ ಇಳಿದರೆ ಬೆರಳಿಗೆ ಅಷ್ಟು ಗಂಡಾಂತರ ಕಡಿಮೆ. ಹಾಗೆಂದು ಪ್ರೆಸ್ಸಿನ ಕಾವಲು ಕಂಬಿಯನ್ನಾಗಲಿ, ಎರಡು ಕೈಗಳಿಂದ ಒತ್ತುವ ಗುಂಡಿಯನ್ನಾಗಲಿ ಯಾರೂ ಬಿಡಲಾಗದು. ಮೇಸ್ತ್ರಿ ಅವಸರಪಡಿಸಿದರೂ ಬಿಡಬಾರದು.

ಈ ವಿದ್ಯೆ ದೂರದ ಊರಿನದಲ್ಲ. 1968ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಕೇಂದ್ರ ಸರಕಾರ ಸ್ಥಾಪಿಸಿದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಬಾಲಾನಗರದಲ್ಲೇ ಇದೆ. ಹತ್ತನೆಯ ತರಗತಿ ತೇರ್ಗಡೆಯಾದವರಿಗೆ ಅಚ್ಚು ತಯಾರಿಕೆಯ ನಾಲ್ಕು ವರ್ಷದ ಡಿಪ್ಲೊಮ ಅಲ್ಲುಂಟು; ಪ್ರವೇಶ ಪರೀಕ್ಷೆ ಬರೆಯಬೇಕು. ಮನೆಯಲ್ಲಿ ಗಣಿತದ ಕಡೆ ಒಲವುಳ್ಳ ಮಕ್ಕಳಿದ್ದರೆ ವಿಚಾರಿಸಿ ನೋಡತಕ್ಕದ್ದು.

ಅಭ್ಯಾಸ: 50 ಮಿ.ಮೀ. ವ್ಯಾಸ, 40 ಮಿ.ಮೀ. ಎತ್ತರದ ಡಬ್ಬಿಯನ್ನು ಒಂದೇ ಎಳೆತದಲ್ಲಿ ತೆಗೆಯಬಹುದೇ? ಎತ್ತರವನ್ನು 30ಕ್ಕೆ ಇಳಿಸಿದರೆ?