ಇಂದಿನ ಧಮ್ಮ ಚಿಂತನ: ಸುಟ್ಟ ಚರ್ಮ, ಎರಡನೆಯ ಬಾಣ





ಸಂಯುತ್ತ ನಿಕಾಯದಲ್ಲಿ ಬಾಣದ ಹೋಲಿಕೆಯಿರುವ ಚಿಕ್ಕ ಸುತ್ತವೊಂದಿದೆ. ಮೈಗೆ ನೋವಾದಾಗ ಧಮ್ಮ ಅರಿಯದವನಿಗೆ ಎರಡು ಬಾಣ ನಾಟುತ್ತವೆ. ಒಂದು ಮೈಗೆ, ಇನ್ನೊಂದು ಮನಸ್ಸಿಗೆ. ಅರಿತವನಿಗೆ ನಾಟುವುದು ಮೈಯ ಬಾಣ ಮಾತ್ರ. ಮೊದಲ ಬಾಣ ನೋಯುವುದಿಲ್ಲ ಎಂದು ಭಗವಾನ್ ಬುದ್ಧರು ಹೇಳಲಿಲ್ಲ. ಕಲ್ಲಿನ ಚೂರು ಕಾಲಿಗೆ ಚುಚ್ಚಿದಾಗ ಅವರಿಗೂ ತೀವ್ರ ನೋವಾಯಿತೆಂದು ಅದೇ ನಿಕಾಯ ಹೇಳುತ್ತದೆ.

ಈ ಮಾತನ್ನು ನಮ್ಮ ನಿಡೋಣಿಯ ಒಂದು ಸಂಗತಿಗೆ ಹಚ್ಚಿ ನೋಡೋಣ. ನನ್ನ ಅಣ್ಣನ ಮಗಳು ಗದ್ದದ ಕೂದಲು ತೆಗೆಸಲು ಪಟ್ಟಣದಲ್ಲಿ ಲೇಸರ್ ಮಾಡಿಸಿಕೊಂಡಳು. ಅಂದು ರಾತ್ರಿಯೇ ಉರಿ ಶುರುವಾಯಿತು, ಗುಳ್ಳೆ ಎದ್ದವು, ಆಮೇಲೆ ಕಪ್ಪು ಕಲೆ ಉಳಿದವು. "ಕಾಕಾ, ಉರಿ ಹೆಂಗರ ತಡಕೋತೀನಿ. ಮೊದಲ ಕರ್ರಗ ಅದಾಳ, ಈಗ ಇದೊಂದು ಅಂತಾರಲ್ಲ, ಅದನ್ನ ಹೆಂಗ ತಡಕೊಳ್ಳಲಿ?" ಅಂದಳು.

ಮೊದಲ ಬಾಣಕ್ಕೆ ಕಾರಣ ಹುಡುಕಬೇಕು. ಹಿಂದಿನ ಜನ್ಮದ ಕರ್ಮ ಎಂದು ಕೈಚೆಲ್ಲುವುದು ನಮ್ಮ ದಾರಿಯಲ್ಲ. ಲೇಸರ್ ಬೆಳಕನ್ನು ಕೂದಲಿನ ಮೆಲನಿನ್ ಹೀರಿಕೊಂಡು ಬಿಸಿಯಾಗುತ್ತದೆ. ಕಪ್ಪು ಮೈಬಣ್ಣದಲ್ಲಿ ಚರ್ಮದಲ್ಲೂ ಮೆಲನಿನ್ ಹೆಚ್ಚು. ಹಾಗಾಗಿ ಯಂತ್ರ ಸರಿಯಾಗಿ ಹೊಂದಿಸದಿದ್ದರೆ ಚರ್ಮವೇ ಸುಡುತ್ತದೆ. ಇಂಥ ಚರ್ಮಕ್ಕೆ 1064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಮೊದಲು ಚಿಕ್ಕ ಜಾಗದಲ್ಲಿ ಪರೀಕ್ಷೆ ಮಾಡಿರೆಂದು ಕೇಳುವುದು ನಮ್ಮ ಹಕ್ಕು. 1975ರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಎಂಬ ವೈದ್ಯರು ಮಾಡಿದ ಚರ್ಮದ ವರ್ಗೀಕರಣದಲ್ಲಿ ಬಿಳಿ ಚರ್ಮ ಮಾತ್ರ ಇತ್ತು. ಕಂದು, ಕಪ್ಪು ಚರ್ಮ ಸೇರಿದ್ದು ನಂತರ.

ಸುಟ್ಟ ಕೂಡಲೇ 20 ನಿಮಿಷ ತಣ್ಣೀರು ಹರಿಸಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಎಣ್ಣೆ, ಅರಿಶಿನ ಬೇಡ. ಗುಳ್ಳೆ ಒಡೆಯಬೇಡಿ. ಚರ್ಮರೋಗ ವೈದ್ಯರಿಗೆ ತೋರಿಸಿ. ಬಿಸಿಲು ಬಿದ್ದರೆ ಕಲೆ ಇನ್ನೂ ಗಾಢವಾಗುತ್ತದೆ. ಹೊಲಕ್ಕೆ, ದ್ರಾಕ್ಷಿ ತೋಟಕ್ಕೆ ಹೋಗುವವರು ಮುಖ ಮುಚ್ಚಿಕೊಳ್ಳಿ.

ಇನ್ನು ಎರಡನೆಯ ಬಾಣ. ಅದನ್ನು ಅವಳೇ ಚುಚ್ಚಿಕೊಂಡಳು, ಸುಮ್ಮನೆ ಸಹಿಸಲಿ ಎನ್ನುವುದು ಧಮ್ಮವಲ್ಲ. ಬಣ್ಣ ನೋಡಿ ಮೇಲು ಕೀಳು ಎಣಿಸುವ ಮನಸ್ಸು, ಜಾತಿ ನೋಡಿ ಎಣಿಸುವ ಮನಸ್ಸಿನ ಒಡಹುಟ್ಟು. ಅವಳ ಕೈಗೆ ಆ ಬಾಣ ಕೊಟ್ಟವರು ನಾವು ನೀವೇ. ಧಮ್ಮ ಇರುವುದು ಜಗತ್ತನ್ನು ಹೊಸದಾಗಿ ಕಟ್ಟಲಿಕ್ಕೆ ಎಂದು ಬಾಬಾಸಾಹೇಬರು 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತಿಳಿಸಿದರು. ಆ ಕೆಲಸ ಮನೆಯ ಮಾತಿನಿಂದಲೇ ಶುರುವಾಗಬೇಕು. ಸಮ್ಮಾ ವಾಚಾ ಎಂದರೆ ಸುಳ್ಳು ಹೇಳದಿರುವುದಷ್ಟೇ ಅಲ್ಲ, ಚುಚ್ಚಿ ಆಡದಿರುವುದೂ ಹೌದು.

ಇಂದಿನ ಅಭ್ಯಾಸ: ಹೆಣ್ಣು ನೋಡುವಾಗ, ಕೂಸು ಹುಟ್ಟಿದಾಗ, ಬಣ್ಣದ ಮಾತು ಬಾಯಿಗೆ ಬಂದರೆ ಅಲ್ಲೇ ತಡೆಯಿರಿ. ಬೇರೆಯವರು ಆಡಿದರೆ ಮೆತ್ತಗೆ ತಿದ್ದಿರಿ. ನೋವಿನಲ್ಲಿದ್ದವರ ಬಳಿ ಕೂತು, "ಎಲ್ಲಿ ನೋಯ್ತದ?" ಎಂದು ಕೇಳಿರಿ.

ಭವತು ಸಬ್ಬ ಮಂಗಲಂ 🙏